ಹಳದಿ ಗುಂಡಿ

ನಾಗಭೂಷಣನಿಗೆ ಆ ಕೆಲಸ ಮಾಡಲು ಅರ್ಧ ನಿಮಿಷ ಸಾಕಾಗಿತ್ತು. ಮಾಡಿದ್ದೇನೆ ಎಂದು ಹೇಳಲು ಒಂದು ವರ್ಷದ ಮೇಲೆ ಎರಡು ತಿಂಗಳು ಬೇಕಾಯಿತು. ಅಷ್ಟು ದಿನ ಅವನೇನು ಕೈಕಟ್ಟಿ ಕೂತಿರಲಿಲ್ಲ. ಕೆ.ಬಿ. ಬಡಾವಣೆಯ ತನ್ನ ರಿಪೇರಿ ಅಂಗಡಿಯಲ್ಲಿ ಊರವರ ಟಿ.ವಿ., ಟೇಪ್‌ರೆಕಾರ್ಡರುಗಳನ್ನೆಲ್ಲ ಬಿಚ್ಚಿ ಜೋಡಿಸಿದ, ಎರಡು ಕಡೆ ಹೆಣ್ಣು ನೋಡಿ ಬಂದ, ಮೀಸೆ ಬೋಳಿಸಿದ, ಚೆನ್ನಾಗಿಲ್ಲವೆಂದು ಮತ್ತೆ ಬಿಟ್ಟ. ಹರಿಹರಕ್ಕೆ ಮಾತ್ರ ಹೋಗಲಿಲ್ಲ. ದಾವಣಗೆರೆಯಿಂದ ಹರಿಹರವೇನು ದೂರದ ದೇಶವೇ? ಬಸ್ಸಿನಲ್ಲಿ ಕೂತು ಒಂದು ಜೊಂಪು ಹತ್ತುವುದರೊಳಗೆ ಕಂಡಕ್ಟರ್ ಇಳೀರಿ ಇಳೀರಿ ಎನ್ನುತ್ತಾನೆ. ಆದರೂ ಹೋಗಲಿಲ್ಲ.

ಇದೆಲ್ಲ ಶುರುವಾದದ್ದು ಪಿ.ಜೆ. ಬಡಾವಣೆಯ ಏಕಾಂತಪ್ಪನ ವಿಡಿಯೊ ಗೇಮ್ ಅಂಗಡಿಯಲ್ಲಿ. ಏಕಾಂತಪ್ಪ ಮೊದಲು ಹತ್ತಿ ಗಿರಣಿಯಲ್ಲಿ ಇದ್ದವನು. ಗಿರಣಿ ಬಾಗಿಲು ಹಾಕಿದ ಮೇಲೆ ಮುಂಬೈಯಿಂದ ಹಳೆಯ ಮಿಷನ್ನುಗಳನ್ನು ತರಿಸಿ, ಒಂದು ಕ್ಲಿನಿಕ್ಕಿನ ಪಕ್ಕದ ಮಳಿಗೆಯಲ್ಲಿ ಸಾಲಾಗಿ ನಿಲ್ಲಿಸಿಕೊಂಡ. ಅವುಗಳಲ್ಲಿ ಒಂದು ಹೊಡೆದಾಟದ ಆಟ. ಪರದೆಯ ಮೇಲೆ ಬರುವ ಅಕ್ಷರ ಯಾವ ದೇಶದ್ದೆಂದು ಅಂಗಡಿಗೆ ಬರುವ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಹುಡುಗರೇ ನಾಮಕರಣ ಮಾಡಿದ್ದರು. ಆಟದ ಹೆಸರು ಗರಡಿ. ಅದರೊಳಗಿನ ಜಟ್ಟಿಗಳು ಗಡ್ಡದವನು, ಜಡೆಯವಳು, ದಪ್ಪಣ್ಣ. ಗಡ್ಡದವನ ಹತ್ತಿರ ಒಂದು ಪಟ್ಟು ಇತ್ತು, ಅದಕ್ಕೆ ಸಿಡಿಲು ಎನ್ನುತ್ತಿದ್ದರು. ಅದು ಸರಿಯಾಗಿ ತಗುಲಿದರೆ ಎದುರಿನವನು ಎದ್ದು ನಿಲ್ಲುವ ಮಾತೇ ಇಲ್ಲ.

ಸಿಡಿಲೇನು ಸುಮ್ಮನೆ ಬರುತ್ತದೆಯೇ? ಎಡಗೈಯಲ್ಲಿ ಹಿಡಿದ ಕೋಲನ್ನು ಅರ್ಧಚಂದ್ರದ ಹಾಗೆ ಹೊರಳಿಸಬೇಕು. ಅದು ಮುಗಿಯುವ ಕ್ಷಣಕ್ಕೆ ಬಲಗೈಯ ಮೂರು ಬೆರಳು ಮೂರು ಗುಂಡಿಗಳ ಮೇಲೆ ಒಂದರ ಹಿಂದೊಂದು ಬೀಳಬೇಕು. ಬೆರಳು ಮುಂದಾದರೆ ಗಡ್ಡದವನು ಗಾಳಿಗೆ ಕೈ ಬೀಸಿ ಪೆಚ್ಚಾಗಿ ನಿಲ್ಲುತ್ತಾನೆ. ಹಿಂದಾದರೆ ತಾನೇ ಏಟು ತಿಂದು ಮಲಗುತ್ತಾನೆ. ಇಡೀ ದಾವಣಗೆರೆಯಲ್ಲಿ ಸಿಡಿಲು ಬರುತ್ತಿದ್ದವರು ಹೆಚ್ಚೆಂದರೆ ಎಂಟು ಜನ. ಆ ಎಂಟು ಜನಕ್ಕೂ ಗುರು ಹರಿಹರದ ಮಾರುತಿ.

ಮಾರುತಿ ಮತ್ತು ನಾಗಭೂಷಣ ಐ.ಟಿ.ಐ.ನಲ್ಲಿ ಜೊತೆಗೆ ಓದಿದವರು. ಮಾರುತಿ ಟರ್ನರ್, ಇವನು ಎಲೆಕ್ಟ್ರಾನಿಕ್ಸ್. ಓದು ಮುಗಿದು ಮಾರುತಿ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ನಿಂತ ಮೇಲೂ ಭಾನುವಾರ ತಪ್ಪದೆ ದಾವಣಗೆರೆಗೆ ಬರುತ್ತಿದ್ದ. ಸಿಡಿಲಿನ ಲಯವನ್ನು ನಾಗಭೂಷಣನಿಗೆ ಕಲಿಸಿದ್ದು ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು, ಅವನ ತೊಡೆಯ ಮೇಲೆ ಮೂರು ಬೆರಳು ಬಡಿದು ಬಡಿದು. "ಎಣಿಸಬ್ಯಾಡಲೇ, ಕೇಳಿಸ್ಕೋ," ಎನ್ನುತ್ತಿದ್ದ. "ಲೇತ್ ಮೇಲೆ ಬೋಲ್ಟಿಗೆ ಥ್ರೆಡ್ ಹಾಕೋವಾಗ್ಲೂ ಇಷ್ಟೇ. ಥ್ರೆಡ್ ಮುಗಿಯೋ ಜಾಗಕ್ಕೆ ಟೂಲ್ ಬಂತು ಅನ್ನೋದು ಕಿವಿಗೆ ಗೊತ್ತಾಗ್ತೈತೆ. ಅದೇ ಕ್ಷಣಕ್ಕೆ ಹಿಂದಕ್ಕೆ ಎಳೀಬೇಕು. ತಡ ಆದ್ರೆ ಟೂಲೂ ಹೋತು, ಕೆಲ್ಸಾನೂ ಹೋತು." ನಾಗಭೂಷಣನಿಗೆ ಕಲಿಯಲು ಏಳು ತಿಂಗಳು ಹಿಡಿಯಿತು. ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಎದ್ದು, ಒಡೆದು, ಗಟ್ಟಿಯಾಯಿತು. ಆ ಗಟ್ಟಿಯಾದ ಚರ್ಮವನ್ನು ಅವನು ಪದಕದ ಹಾಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ, ಜನ ಕಡಿಮೆ ಇದ್ದಾರೆಂದು, ಆ ವರ್ಕ್‌ಶಾಪಿನವರು ಮಾರುತಿಯನ್ನು ಒಂದು ದಿನ ತಗಡು ಒತ್ತುವ ಪ್ರೆಸ್ ಮಿಷನ್ ಮೇಲೆ ನಿಲ್ಲಿಸಿದರು. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಲ್ಲೇ ಹೋದವು.

ಗಾಯ ಮಾಯ್ದು, ವರ್ಷ ಕಳೆದ ಮೇಲೆ ಮಾರುತಿ ಮತ್ತೆ ಭಾನುವಾರ ಬರತೊಡಗಿದ. ಆದರೆ ಆಡುತ್ತಿರಲಿಲ್ಲ. ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಆಡುವವರ ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಯಾರಾದರೂ ಸಿಡಿಲಿಗೆ ಕೈ ಹಾಕಿದರೆ ಜೇಬಿನೊಳಗೆ ಅವನ ಕೈ ಅಲುಗುತ್ತಿತ್ತು. ಅದನ್ನು ನೋಡಿದವನು ನಾಗಭೂಷಣ ಒಬ್ಬನೇ.

ಅದೇ ವಾರ ಅವನು ಹಳದಿ ಗುಂಡಿ ಮಾಡಲು ಕೂತ. ನಾಲ್ಕು ಐ.ಸಿ., ಒಂದಿಷ್ಟು ವೈರು, ಅಂಗೈಯಗಲದ ಒಂದು ಹಳದಿ ಗುಂಡಿ. ಅದನ್ನು ಅಂಗೈಯಿಂದ ಒಮ್ಮೆ ಒತ್ತಿದರೆ ಸಾಕು, ಕೋಲು ಹೊರಳಿಸುವ ಕೆಲಸವನ್ನೂ ಮೂರು ಬೆರಳಿನ ಕೆಲಸವನ್ನೂ ಅದೇ ಮಾಡುತ್ತದೆ, ಸಿಡಿಲು ಬರುತ್ತದೆ. ಏಕಾಂತಪ್ಪನಿಗೆ, "ಹೊಸಬರು ಎರಡು ನಿಮಿಷಕ್ಕೆ ಸೋತು ಎದ್ದು ಹೋಗ್ತಾರೆ ಅಂತಿದ್ರಲ್ಲಣ್ಣ, ಇದನ್ನ ಹಾಕಿ ನೋಡ್ರಿ," ಎಂದ. ಗಿರಾಕಿಗಳಿಗಾಗಿ ಮಾಡಿದ್ದು ಎಂದೇ ಎಲ್ಲರೂ ತಿಳಿದರು. ಮಾರುತಿಗೆ ಮಾತ್ರ ಗೊತ್ತಾಯಿತು. ಅವನು ಕೈ ಜೇಬಿನಿಂದ ಹೊರಗೆ ತೆಗೆದು ಕುರ್ಚಿಯಲ್ಲಿ ಕೂತ. ಈ ಒಂದು ಒಳ್ಳೆಯ ಕೆಲಸ ನಾಗಭೂಷಣನ ಲೆಕ್ಕಕ್ಕೆ ಇದೆ, ಇಲ್ಲವೆನ್ನಲಾಗದು. ಅದನ್ನು ಅವನೇ ಕೆಡಿಸಿಕೊಂಡ ಎನ್ನುವುದೇ ನನ್ನ ಹೊಟ್ಟೆಯುರಿ.

ಗುಂಡಿ ಹಾಕಿದ ಮೊದಲ ವಾರ ಅಂಗಡಿ ಸಂತೆಯಾಯಿತು. ಎಂ.ಸಿ.ಸಿ. ಬಡಾವಣೆಯ ಶಾಲೆ ಹುಡುಗರೆಲ್ಲ ಬಂದು ಗುಡಿಯ ಗಂಟೆ ಬಾರಿಸಿದಂತೆ ಗುಂಡಿ ಬಾರಿಸಿದರು. ಮೂರು ವರ್ಷ ಬೆರಳು ಸವೆಸಿದವರು ನಿನ್ನೆ ಬಂದ ಪಿಳ್ಳೆಗಳ ಕೈಯಲ್ಲಿ ಸೋತರು. "ಇದ್ಯಾವ ಸೀಮೆ ಆಟ," ಎಂದು ಹಳಬರು ಎದ್ದು ಹೋದರು. ಏಕಾಂತಪ್ಪ ತಲೆ ಕೆರೆದುಕೊಂಡ. ಆಗ ನಾಗಭೂಷಣ ಗುಂಡಿಯ ವೈರುಗಳಿದ್ದ ಡಬ್ಬಿಯೊಳಗೆ ರೇಡಿಯೊದ ವಾಲ್ಯೂಮಿಗೆ ಇರುವಂಥ ಒಂದು ನಾಬು ಕೂರಿಸಿದ. ಅದನ್ನು ತಿರುಗಿಸಿದಷ್ಟೂ, ಗುಂಡಿ ಒತ್ತಿದ ಮೇಲೆ ಸಿಡಿಲು ಬರುವುದು ತಡವಾಗುತ್ತದೆ. ಜಾಸ್ತಿ ತಿರುಗಿಸಿದ, ಹುಡುಗರು ಬೇಸತ್ತು ಹೋದರು. ಕಡಿಮೆ ಮಾಡಿದ, ಹಳಬರು ಬೈದರು. ಮೂರು ಭಾನುವಾರ ಇದೇ ರಗಳೆ.

ಕೊನೆಗೆ ಅದನ್ನು ಹದಕ್ಕೆ ತಂದವನು ಮಾರುತಿಯೇ. ಒಂದು ಕಡೆ ನಾಗಭೂಷಣನನ್ನು ಕೂರಿಸಿ ಕೈಯಿಂದ ಸಿಡಿಲು ಹಾಕಿಸಿದ, ಇನ್ನೊಂದು ಕಡೆ ತಾನು ಗುಂಡಿ ಒತ್ತಿದ. ಕಣ್ಣು ಮುಚ್ಚಿ ಸದ್ದು ಕೇಳುತ್ತ, ಇನ್ನೊಂಚೂರು, ಇನ್ನೊಂಚೂರು ಎಂದು ನಾಬು ತಿರುಗಿಸಲು ಹೇಳಿದ. "ಇಲ್ಲಿಗೆ ಸಾಕು. ಕಲಿತವನ ಕೈಗಿಂತ ಒಂದು ರೆಪ್ಪೆ ಬಡಿಯೋ ಅಷ್ಟು ತಡ. ಕಲಿತವನಿಗೆ ಕಲಿತಿದ್ದಕ್ಕೆ ಬೆಲೆ ಸಿಕ್ತು. ಕಲೀದೇ ಇದ್ದವನು ಯಾವಾಗ ಒತ್ತಬೇಕು ಅನ್ನೋದನ್ನಾದ್ರೂ ಕಲೀಬೇಕು. ಆಟ ಬೆರಳಿನಾಗೆ ಅಷ್ಟೇ ಐತಾ? ಎದುರಿನವನು ಏನು ಮಾಡ್ತಾನೆ ಅಂತ ಮೊದಲೇ ನೋಡೋದ್ರಾಗೆ ಐತೆ," ಎಂದ. ಏಕಾಂತಪ್ಪ ಮಗಳ ನೇಲ್‌ಪಾಲಿಶ್ ತಂದು, ನಾಬಿನ ಮುಳ್ಳು ನಿಂತಲ್ಲಿ ಒಂದು ಕೆಂಪು ಚುಕ್ಕೆ ಇಟ್ಟ. ಡಬ್ಬಿಗೆ ಬೀಗ ಬಿತ್ತು. ಬೀಗದ ಕೈ ಯಾರ ಹತ್ತಿರ ಇರಬೇಕು ಎಂದಾಗ ಹಳಬರು, ಹೊಸಬರು ಎಲ್ಲರೂ ಒಂದೇ ಹೆಸರು ಹೇಳಿದರು, ನಾಗಭೂಷಣ.

ಹದ ಸಿಕ್ಕ ಮೇಲೆ ಅಂಗಡಿಗೆ ಕಳೆ ಬಂತು. ಹಳಬರು ವಾಪಸಾದರು, ಹುಡುಗರೂ ಉಳಿದರು. ಮಾರುತಿ ಗೆಲ್ಲತೊಡಗಿದ. ಯಾವಾಗ ಒತ್ತಬೇಕು ಎನ್ನುವುದು ಅವನಷ್ಟು ಯಾರಿಗೆ ಗೊತ್ತಿತ್ತು? ಸೋತವನು ಗೆದ್ದವನಿಗೆ ಮಂಡಕ್ಕಿ ಮಿರ್ಚಿ ಕೊಡಿಸುವುದು ಅಲ್ಲಿನ ಪದ್ಧತಿ. ನಾಗಭೂಷಣ ಸತತ ನಾಲ್ಕು ಭಾನುವಾರ ಕೊಡಿಸಿದ. ಮೊದಲ ಭಾನುವಾರ ನಿಜವಾಗಿಯೂ ಸಂತೋಷದಿಂದಲೇ ಕೊಡಿಸಿದ. ಎರಡನೆಯದಕ್ಕೆ ನಕ್ಕ. ಮೂರನೆಯದಕ್ಕೆ ಮಿರ್ಚಿ ಖಾರ ಎಂದು ತಾನು ಮುಟ್ಟಲಿಲ್ಲ. ನಾಲ್ಕನೆಯದಕ್ಕೆ ಯಾವನೋ ಒಬ್ಬ, "ಬೆರಳಿಲ್ಲದವನೇ ಹೊಡೀತಾನೆ, ಬೆರಳಿದ್ದವರು ಏನ್ ಮಾಡ್ತೀರಿ?" ಎಂದುಬಿಟ್ಟ. ಎಲ್ಲರೂ ನಕ್ಕರು. ಮಾರುತಿ ಮಾತ್ರ ನಗಲಿಲ್ಲ. ಆದರೆ ಅಷ್ಟು ಜನರಲ್ಲಿ ನಗದೇ ಇದ್ದ ಆ ಒಬ್ಬನ ಮೇಲೇ ನಾಗಭೂಷಣನ ಸಿಟ್ಟು ತಿರುಗಿತು. ಗೆಲ್ಲುತ್ತಿರುವುದು ತಾನು ಮಾಡಿಕೊಟ್ಟ ಗುಂಡಿ, ಇವನಲ್ಲ ಎಂದು ಒಳಗೊಳಗೇ ಹೇಳಿಕೊಂಡ. ಬೊಕ್ಕೆ ಎದ್ದ ತನ್ನ ಏಳು ತಿಂಗಳು ನೆನಪಾಯಿತು. ಅದನ್ನು ಕಲಿಸಿದವರು ಯಾರು ಎನ್ನುವುದು ಮಾತ್ರ ನೆನಪಾಗಲಿಲ್ಲ. ಮನುಷ್ಯನ ನೆನಪು ಇಂಥ ಹೊತ್ತಿನಲ್ಲಿ ಬಲು ಚಾಲಾಕು.

ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಏಕಾಂತಪ್ಪ ಒಂದು ಪಂದ್ಯ ಇಟ್ಟ. ಗೆದ್ದವನ ಫೋಟೊ ತೆಗೆಸಿ, ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ಹಾಕುತ್ತೇನೆ ಎಂದ. ಫೈನಲ್ಲಿಗೆ ಉಳಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಆ ಭಾನುವಾರ ಬೆಳಿಗ್ಗೆ ನಾಗಭೂಷಣ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋದ. ಏಕಾಂತಪ್ಪ ದೇವರ ಫೋಟೊಗೆ ಊದಿನಕಡ್ಡಿ ಹಚ್ಚುತ್ತಿದ್ದ. "ವೈರ್ ಒಂದ್ಸಲ ನೋಡಿಬಿಡ್ತೀನಣ್ಣ," ಎಂದು ನಾಗಭೂಷಣ ಡಬ್ಬಿ ತೆರೆದ. ನಾಬಿನ ಮುಳ್ಳನ್ನು ಕೆಂಪು ಚುಕ್ಕೆಯಿಂದ ಒಂದು ಜೋಳದ ಕಾಳಿನಷ್ಟು ಆಚೆ ಸರಿಸಿದ. ಅದಕ್ಕಿಂತ ಹೆಚ್ಚು ಸರಿಸಿದ್ದರೆ ಮಿಷನ್ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ಇಷ್ಟಾದರೆ ಒತ್ತಿದವನಿಗೆ ತನ್ನ ಕೈಯೇ ತಡವಾಯಿತು ಅನ್ನಿಸುತ್ತದೆ. ಆ ಲೆಕ್ಕವೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನ ಕಸುಬು.

ಹತ್ತೂವರೆಗೆ ಮಾರುತಿ ಬಂದ. ಹೊಸ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ನಾಗಭೂಷಣನನ್ನು ಪಕ್ಕಕ್ಕೆ ಕರೆದು, "ಲೇ ಭೂಷಣ, ನಿಂಗೊಬ್ಬನಿಗೇ ಹೇಳ್ತೀನಿ. ನಾಳೆ ಬೇರೆ ಫ್ಯಾಕ್ಟ್ರಿನಾಗೆ ನನಗೆ ಟ್ರಯಲ್ ಐತೆ, ಲೇತ್ ಮೇಲೆ. ಮಕ್ತುಮ್ ಸಾಬ್ರು ಅಂತ ಫೋರ್‌ಮನ್, ಮೂರು ಬೆರಳಿದ್ರೂ ನಡೀತೈತೆ, ಬಾ ನೋಡಣ ಅಂದಾರೆ," ಎಂದ. ಮುಖ ಅರಳಿತ್ತು. "ನಂಗೇ ಧೈರ್ಯ ಇರ್ಲಿಲ್ಲ. ಕೈ ಟೈಮಿಗೆ ಬರ್ತೈತೋ ಇಲ್ವೋ ಅಂತ. ನಾಕು ವಾರದಿಂದ ಇಲ್ಲಿ ಆಡಿ ಆಡಿ ಧೈರ್ಯ ಬಂತು ನೋಡು. ಇವತ್ತೊಂದು ಸಲ ನೋಡ್ಕೊಂಡು ಹೋಗ್ತೀನಿ."

ಬೀಗದ ಕೈ ನಾಗಭೂಷಣನ ಅಂಗಿಯ ಜೇಬಿನಲ್ಲೇ ಇತ್ತು. ಒಂದು ನಿಮಿಷ ತಡಿ, ವೈರ್ ಸಡಿಲ ಆಗೈತೆ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆ ತುದಿಗೂ ಬಂತು. ಅಷ್ಟರಲ್ಲಿ ಏಕಾಂತಪ್ಪ, "ಬರ್ರಿ ಬರ್ರಿ, ಕೂಡ್ರಿ, ಫೋಟೊದವನು ಬಂದಾನೆ," ಎಂದು ಕೂಗಿದ. ನಾಗಭೂಷಣ ಹೋಗಿ, ಬೆರಳಿನಿಂದ ಆಡುವ ಕಡೆ ಕೂತ.

ಮೂರು ಸುತ್ತಿನ ಆಟ. ಮೊದಲ ಸುತ್ತಿನಲ್ಲಿ ಮಾರುತಿ ಎರಡು ಸಲ ಸರಿಯಾದ ಗಳಿಗೆಗೆ ಒತ್ತಿದ, ಎರಡು ಸಲವೂ ಅವನ ಗಡ್ಡದವನು ಏಟು ತಿಂದ. ಮಾರುತಿ ಮಿಷನ್ನಿನ ಕಡೆ ನೋಡಲಿಲ್ಲ, ತನ್ನ ಕೈಯ ಕಡೆ ನೋಡಿದ. ಎರಡನೆಯ ಸುತ್ತಿನಲ್ಲಿ ಬೇಗ ಒತ್ತಲು ಹೋಗಿ ಲಯವೇ ತಪ್ಪಿತು. ಮೂರನೆಯದು ಬೇಕಾಗಲಿಲ್ಲ. ಹುಡುಗರು ಹೋ ಎಂದರು. ಮಾರುತಿ ಎದ್ದು, ಎಡಗೈ ಚಾಚಿ ನಾಗಭೂಷಣನ ಕೈ ಕುಲುಕಿ, "ಚಲೋ ಆಡ್ದೆ," ಎಂದ. ಬಲಗೈ ಮತ್ತೆ ಜೇಬಿಗೆ ಹೋಗಿತ್ತು. ಮಂಡಕ್ಕಿ ಮಿರ್ಚಿ ಕೊಡಿಸಿಯೇ ಬಸ್ ಹತ್ತಿದ, ಪದ್ಧತಿ ಬಿಡಲಿಲ್ಲ. ಆಮೇಲೆ ಅವನು ಏಕಾಂತಪ್ಪನ ಅಂಗಡಿಗೆ ಬರಲಿಲ್ಲ.

ಲೇತಿನ ಕೆಲಸ ಸಿಗಲಿಲ್ಲವಂತೆ, ಅದೇ ಫ್ಯಾಕ್ಟ್ರಿಯ ಸ್ಟೋರಿನಲ್ಲಿ ಸೇರಿಕೊಂಡಿದ್ದಾನಂತೆ ಎಂದು ಯಾರೋ ಸುದ್ದಿ ತಂದರು. ಫೋರ್‌ಮನ್ನು ಬೆರಳು ನೋಡಿ ಬೇಡ ಎಂದಿರಬೇಕು ಎಂದು ನಾಗಭೂಷಣ ಅಂದುಕೊಂಡ. ಹಾಗೆ ಅಂದುಕೊಂಡರೆ ನಿದ್ದೆ ಬರುತ್ತಿತ್ತು. ನಾಬನ್ನು ವಾಪಸ್ ಗುರುತಿಗೆ ತರುವ ಮನಸ್ಸು ಅವನಿಗೆ ಹತ್ತು ಸಲ ಬಂದಿರಬಹುದು. ತಂದರೆ, ಸರಿಸಿದ್ದು ತಾನೇ ಎಂದು ತನ್ನೆದುರು ತಾನೇ ಒಪ್ಪಿಕೊಂಡ ಹಾಗಾಗುತ್ತದೆ. ತರಲಿಲ್ಲ. ಗುಂಡಿ ಮೊದಲಿನ ಹಾಗೆ ಕೇಳುತ್ತಿಲ್ಲ ಎಂದು ಹೊಸ ಹುಡುಗರು ಒಬ್ಬೊಬ್ಬರೇ ಬಿಟ್ಟು ಹೋದರು. ಉಳಿದ ಏಳೆಂಟು ಹಳಬರು ತಮ್ಮತಮ್ಮಲ್ಲೇ ಹೊಡೆದಾಡಿ ಸುಸ್ತಾದರು. ಗೋಡೆಯ ಮೇಲೆ ನಾಗಭೂಷಣನ ಫೋಟೊ ನಗುತ್ತಿತ್ತು. ಫೋಟೊದವನು ನಗಿ ಎಂದಿದ್ದಕ್ಕೆ ನಕ್ಕಿದ್ದ ನಗು ಅದು, ನೋಡಿದರೆ ಅವನಿಗೇ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ತೊಂಬತ್ತೊಂಬತ್ತರ ನವೆಂಬರಿನಲ್ಲಿ ಏಕಾಂತಪ್ಪ ಗರಡಿ ಮಿಷನ್ನನ್ನು ಗುಜರಿಗೆ ಹಾಕಲು ತೀರ್ಮಾನಿಸಿದ. ಆ ಜಾಗಕ್ಕೆ ಎಸ್.ಟಿ.ಡಿ. ಬೂತ್ ಬರುವುದಿತ್ತು. "ನಿನ್ನ ಸಾಮಾನು ಬಿಚ್ಕೊಂಡು ಹೋಗಪ್ಪ," ಎಂದು ಹೇಳಿ ಕಳಿಸಿದ. ನಾಗಭೂಷಣ ಡಬ್ಬಿ ಬಿಚ್ಚುವಾಗ ಏಕಾಂತಪ್ಪ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

"ಇದು ಗುರುತಿನ ಮೇಲೆ ಇಲ್ವಲ್ಲೋ," ಎಂದ ಏಕಾಂತಪ್ಪ. "ಯಾವಾಗ ಸರೀತು?"

"ಅಲುಗಾಡಿ ಸರಿದಿರ್ಬೇಕಣ್ಣ."

"ಅಯ್ಯೋ, ಅದಕ್ಕೇ ಹುಡುಗ್ರು ಬಿಟ್ಟು ಹೋದ್ರು. ನಾನು ಕಂಪ್ಯೂಟರ್ ಬಂದಿದ್ದಕ್ಕೆ ಅಂದ್ಕೊಂಡಿದ್ದೆ." ಏಕಾಂತಪ್ಪ ಬೆರಳ ತುದಿಯಿಂದ ನಾಬು ತಿರುಗಿಸಿ ಮುಳ್ಳನ್ನು ಕೆಂಪು ಚುಕ್ಕೆಯ ಮೇಲೆ ತಂದು ನಿಲ್ಲಿಸಿದ, ಇನ್ನೇನು ಗುಜರಿಗೆ ಹೋಗುವ ಮಿಷನ್ನಿಗೆ. "ಆ ಹರಿಹರದ ಹುಡುಗ ಎಷ್ಟು ಹದವಾಗಿ ಕೂರಿಸಿದ್ದನಪ್ಪ," ಎಂದ. ನಾಗಭೂಷಣ ಆ ನಾಬನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮಿಕ್ಕಿದ್ದನ್ನೆಲ್ಲ ಅಲ್ಲೇ ಬಿಟ್ಟು, ಹರಿಹರದ ಬಸ್ ಹತ್ತಿದ.

ಅವತ್ತು ಭಾನುವಾರ. ಬಾಗಿಲಲ್ಲೇ ಸಿಕ್ಕ ಮಾರುತಿಯ ತಾಯಿ ತಿಮ್ಮವ್ವ, "ಯಪ್ಪಾ, ಭೂಷಣಾ! ದಾರಿ ಮರೆತಿದ್ಯೇನೋ? ಕೂಡು, ರೊಟ್ಟಿ ಬಡೀತೀನಿ," ಎಂದು ಒಳಗೆ ಓಡಿದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಮಾರುತಿ ಪಡಸಾಲೆಯಲ್ಲಿ ಚಾಪೆ ಹಾಸಿದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾಗಭೂಷಣ ನಾಬು ತೆಗೆದು ಚಾಪೆಯ ಮೇಲಿಟ್ಟ, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ.

ಮಾರುತಿ ನಾಬನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಅತ್ತಿತ್ತ ತಿರುಗಿಸಿದ.

"ಎಷ್ಟು ಸರಿಸಿದ್ದೆ?"

"ಜೋಳದ ಕಾಳಿನಷ್ಟು."

"ಅಂದ್ರ ಕೈ ತಡ ಆಗಿರ್ಲಿಲ್ಲ."

"ಇಲ್ಲ. ಒಂದು ಸಲಾನೂ ಆಗಿರ್ಲಿಲ್ಲ. ಮಾರುತಿ, ಅವತ್ತು ಹಂಗೆ ಆಗ್ದೇ ಇದ್ದಿದ್ರೆ, ಮಾರ್ನೇ ದಿನ ಆ ಫೋರ್‌ಮನ್..."

"ಮಕ್ತುಮ್ ಸಾಬ್ರು ಬ್ಯಾಡ ಅನ್ಲಿಲ್ಲಲೇ." ಮಾರುತಿಯ ದನಿ ಏರಲಿಲ್ಲ. "ಮೂರು ಥ್ರೆಡ್ ಹಾಕಿಸಿ ನೋಡಿದ್ರು. ಮೂರೂ ಸರಿ ಬಂದ್ವು. ನಾಳೆಯಿಂದ ಬಾ ಅಂದ್ರು. ನಾನೇ ಬ್ಯಾಡ ಅಂದೆ. ಸಾಬ್ರೇ, ಇವತ್ತು ಏನೋ ಬಂದೈತೆ, ಕೈ ತಡ ಬರ್ತೈತೆ, ನಿನ್ನೆ ನಾನೇ ನೋಡೀನಿ. ಪಕ್ಕದವನಿಗೆ ಟೂಲ್ ಸಿಡಿದ್ರೆ ಯಾರು ಹೊಣೆ? ಸ್ಟೋರಿಗೆ ಹಾಕ್ರಿ ಅಂತ ಕೇಳ್ಕೊಂಡೆ. ಅವ್ರು ಎರಡು ಸಲ ಹೇಳಿದ್ರು, ಯೋಚ್ನೆ ಮಾಡು ಅಂತ."

"ಥ್ರೆಡ್ ಸರಿ ಬಂದಿತ್ತಲ್ಲೋ! ಅದನ್ನ ಯಾಕ ನಂಬಲಿಲ್ಲ?"

"ಮೂರು ಥ್ರೆಡ್ ಅದೃಷ್ಟಕ್ಕೂ ಬರ್ತಾವೆ. ಗುಂಡಿ ನೀನು ಮಾಡಿದ್ದು. ಅದು ಸುಳ್ಳು ಹೇಳ್ತೈತೆ ಅಂತ ನಂಗೆ ಹೆಂಗೆ ಹೊಳೀಬೇಕು?"

ನಾಗಭೂಷಣನಿಗೆ ಅಳು ಬಂತು. ಇಪ್ಪತ್ತಾರು ವರ್ಷದ ಗಂಡಸು, ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಅತ್ತ. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದನೇನೋ. "ಈಗ ಹೋಗಿ ಕೇಳಣ, ನಾನೂ ಬರ್ತೀನಿ, ಸಾಬ್ರ ಕಾಲು ಹಿಡೀತೀನಿ," ಎಂದ.

"ಆ ಲೇತ್ ಮೇಲೆ ಈಗ ಬೇರೆಯವನು ಅದಾನೆ. ದಿನಾ ಬೆಳಿಗ್ಗೆ ಅವನಿಗೆ ಟೂಲ್ ತೆಗೆದು ಕೊಡೋನು ನಾನೇ. ಪಾಪ, ಚಲೋ ಹುಡುಗ, ಅವನನ್ನ ಎಬ್ಬಿಸು ಅಂತ ಹೆಂಗೆ ಕೇಳ್ಲಿ?" ಮಾರುತಿ ನಾಬನ್ನು ನಾಗಭೂಷಣನ ಮುಂದಕ್ಕೆ ಸರಿಸಿದ. ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ಕಣ್ಣೊರೆಸ್ಕೋ. ಅವ್ವಗೆ ಹೇಳಬ್ಯಾಡ. ನನ್ನ ಮಗನಿಗೆ ಅಂತ ಗುಂಡಿ ಮಾಡಿಕೊಟ್ಟ ಹುಡುಗ ಅಂತ ಓಣಿ ತುಂಬ ಹೇಳ್ಕೊಂಡು ತಿರುಗ್ಯಾಳೆ. ಅದೊಂದು ಅವಳಿಗೆ ಇರ್ಲಿ."

ತಿಮ್ಮವ್ವ ಎರಡು ತಟ್ಟೆ ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾರುತಿ ಬಲಗೈ ಚಾಚಿ, ಹೆಬ್ಬೆರಳು ಮತ್ತು ಉಳಿದೆರಡು ಬೆರಳಲ್ಲಿ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟ. ಹೊಸ್ತಿಲಲ್ಲಿ ಕೂತಿದ್ದ ಬೆಕ್ಕು ತಟ್ಟೆಗೆ ಬಾಯಿ ಹಾಕಲು ಹಾರಿತು. ಅದರ ಮೂತಿ ತಟ್ಟೆ ಮುಟ್ಟುವ ಮೊದಲೇ ಅದೇ ಕೈ ಹೋಗಿ ಕತ್ತು ಹಿಡಿದು ಪಕ್ಕಕ್ಕೆ ಬಿಟ್ಟಿತು. ಮಾರುತಿ ಅದನ್ನು ಗಮನಿಸಲೂ ಇಲ್ಲ. ನಾಗಭೂಷಣ ಗಮನಿಸಿದ.

"ಇನ್ನೊಂದು ಹಾಕ್ಲೇನಪ್ಪ? ನಾಚಿಕಿ ಬ್ಯಾಡ, ಇದು ನಿನ್ನ ಮನಿ," ಎಂದಳು ತಿಮ್ಮವ್ವ.

ನಾಗಭೂಷಣ ತಟ್ಟೆ ಮುಂದಕ್ಕೆ ಹಿಡಿದ. ಅವಳು ಹಾಕಿದ್ದಷ್ಟನ್ನೂ ತಿಂದ.